ಬೀಜ ಸಂಲಯನದ ಜಮಾ-ಖರ್ಚು

ಯುರೇನಿಯಂನಂತಹ ಭಾರವಾದ ಪರಮಾಣುಬೀಜವು ಒಡೆದಾಗ ಶಕ್ತಿ ಹೊರಬೀಳುವುದು, ಇದು ವಿದಳನ. ಹಗುರವಾದ ಬೀಜಗಳು ಕೂಡಿ ಒಂದಾದಾಗಲೂ ಶಕ್ತಿ ಹೊರಬೀಳುವುದು, ಇದು ಸಂಲಯನ. ಸೂರ್ಯನು ಬೆಳಗುತ್ತಿರುವುದು ಈ ಎರಡನೆಯ ಕ್ರಿಯೆಯಿಂದ.

ಈ ಶಕ್ತಿಯ ಮೂಲವಾವುದು? ಜಲಜನಕದ ನಾಲ್ಕು ಪರಮಾಣುಗಳ ಒಟ್ಟು ದ್ರವ್ಯರಾಶಿ 4.031 ಏಕಮಾನ, ಅವುಗಳಿಂದಾಗುವ ಹೀಲಿಯಂ ಪರಮಾಣುವಿನದು 4.003 ಮಾತ್ರ. ಸಾವಿರಕ್ಕೆ ಏಳು ಪಾಲಿನಷ್ಟು ಕೊರತೆ ಬಿದ್ದಿತು. ಆದರೆ ಇದು ನಷ್ಟವಲ್ಲ. ದ್ರವ್ಯದ ಖಾತೆಯಿಂದ ಶಕ್ತಿಯ ಖಾತೆಗೆ ಆದ ವರ್ಗಾವಣೆ. ದ್ರವ್ಯವೂ ಶಕ್ತಿಯೂ ಒಂದೇ ಎಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದ್ದರು. ನಕ್ಷತ್ರಗಳ ಕಾಂತಿಗೆ ಈ ವರ್ಗಾವಣೆಯೇ ಕಾರಣವಿರಬೇಕೆಂದು 1920ರಲ್ಲಿ ಎಡಿಂಗ್ಟನ್ನರು ತರ್ಕಿಸಿದರು. 1939ರಲ್ಲಿ ಬೆಥೆಯವರು ಅದರ ಹಂತಗಳನ್ನು ವಿವರಿಸಿದರು. ಸೂರ್ಯನು ಪ್ರತಿ ಸೆಕೆಂಡಿಗೆ 40 ಲಕ್ಷ ಟನ್ನಿಗೂ ಮಿಕ್ಕ ದ್ರವ್ಯವನ್ನು ಹೀಗೆ ಶಕ್ತಿಯಾಗಿ ವ್ಯಯಿಸುತ್ತಿದ್ದಾನೆ.

ಇಷ್ಟು ಸರಳವಾದುದು ಭೂಮಿಯ ಮೇಲೆ ಏಕೆ ಕಠಿನ? ಬೀಜಗಳೆಲ್ಲವೂ ಧನವಿದ್ಯುತ್ತನ್ನು ಹೊಂದಿ ಒಂದನ್ನೊಂದು ದೂರ ತಳ್ಳುತ್ತವೆ. ಅವು ಮಹಾವೇಗದಿಂದ ಘರ್ಷಿಸಿದರೆ ಮಾತ್ರ ಕೂಡಬಲ್ಲವು. ವೇಗಕ್ಕೆ ಉಷ್ಣತೆ ಬೇಕು. ಸೂರ್ಯಗರ್ಭದಲ್ಲಿ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಅದರ ಜತೆಗೆ ಅಪಾರವಾದ ಒತ್ತಡವೂ ಉಂಟು. ಇಲ್ಲಿ ಆ ಒತ್ತಡವಿಲ್ಲ. ಆದುದರಿಂದ ಜಲಜನಕದ ಭಾರರೂಪಗಳಾದ ಡ್ಯುಟೀರಿಯಂ, ಟ್ರಿಟಿಯಂಗಳನ್ನು ಆರಿಸಿಕೊಂಡರೂ 10 ಕೋಟಿ ಡಿಗ್ರಿಗೂ ಮೀರಿದ ಉಷ್ಣತೆ ಬೇಕಾಗುವುದು. ಅಂತಹ ಅನಿಲದ ಸ್ಪರ್ಶವನ್ನು ಯಾವ ಪಾತ್ರೆಯೂ ತಾಳಲಾರದು. ಆದಕಾರಣ ಅದನ್ನು ಅಯಸ್ಕಾಂತ ಕ್ಷೇತ್ರದಿಂದ ಸುತ್ತುಗಟ್ಟಿ ಗೋಡೆಗೆ ತಾಗದಂತೆ ಹಿಡಿದಿಡುವುದು ಒಂದು ಮಾರ್ಗ. ಲೇಸರ್ ಕಿರಣಗಳ ಬಲದಿಂದ ಇಂಧನವನ್ನು ಕ್ಷಣಮಾತ್ರದಲ್ಲಿ ಅದುಮುವುದು ಇನ್ನೊಂದು.

1955ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು, ಎರಡು ದಶಕಗಳಲ್ಲಿ ಈ ಶಕ್ತಿ ಹತೋಟಿಗೆ ಬರುವುದೆಂದು ಭವಿಷ್ಯ ನುಡಿದರು. 2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಲೇಸರ್ ಒಪ್ಪಿಸಿದ 2.05 ಮೆಗಾಜೂಲ್ ಶಕ್ತಿಗೆ ಪ್ರತಿಯಾಗಿ 3.15 ಮೆಗಾಜೂಲ್ ದೊರೆಯಿತು. ಮೊಟ್ಟಮೊದಲ ಬಾರಿಗೆ ಲೇಸರ್ ಶಕ್ತಿಯ ಖಾತೆಯಲ್ಲಿ ಲಾಭ ಕಾಣಿಸಿತು. ಆದರೆ ಆ ಲೇಸರನ್ನು ನಡೆಸಲು ವಿದ್ಯುಜ್ಜಾಲದಿಂದ ಪಡೆದುದು ಸುಮಾರು 300 ಮೆಗಾಜೂಲ್. ಇಡೀ ಕಾರ್ಖಾನೆಯ ಜಮಾ-ಖರ್ಚನ್ನು ತೆಗೆದರೆ, ನೂರು ರೂಪಾಯಿ ತೊಡಗಿಸಿ ಒಂದು ರೂಪಾಯಿ ಕಂಡಂತಾಯಿತು.

ಇದರಿಂದ ಸಾಧನೆಯ ಬೆಲೆ ಕುಗ್ಗುವುದಿಲ್ಲ. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಈಟರ್ ಯಂತ್ರದಲ್ಲಿ ಭಾರತವೂ ಪಾಲುದಾರ. ಗಾಂಧಿನಗರದ ಆದಿತ್ಯ ಯಂತ್ರವು 1989ರಲ್ಲಿಯೇ ಕಾರ್ಯಾರಂಭ ಮಾಡಿತು. ಆದರೂ ಹೊಸ ವಿಜಯವಾರ್ತೆ ಬಂದಾಗಲೆಲ್ಲ ಓದುಗನು ಕೇಳಬೇಕಾದ ಪ್ರಶ್ನೆ ಒಂದೇ: ಲಾಭವೆಂದು ಬರೆದಿರುವುದು ಯಾವ ಖಾತೆಯಲ್ಲಿ?