ಯುವಿ ಪೆಟ್ಟಿಗೆಗೆ ಕರೆಂಟ್ ಕೊಡೋದು ಹೇಗೆ?

ಮಿನಿ ಪ್ರಾಜೆಕ್ಟ್ ಡೆಮೋಗೆ ನಾಲ್ಕೇ ದಿನ ಇತ್ತು. ಪಿಸಿಬಿಯನ್ನ ಆನ್‌ಲೈನಲ್ಲಿ ಆರ್ಡರ್ ಮಾಡಿದ್ರೆ ಅದು ಹಾಸನಕ್ಕೆ ಬರೋ ಹೊತ್ತಿಗೆ ಡೆಮೋ ಮುಗಿದಿರುತ್ತೆ. ಹಾಗಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ದಿನಾ ಬಸ್ಸಲ್ಲಿ ಬರೋ ನಾವು ಮೂವರು ಸೇರಿ, ಮರದ ಪೆಟ್ಟಿಗೆಯೊಳಗೆ 5 ಮೀಟರ್ ಯುವಿ ಎಲ್‌ಇಡಿ ಸ್ಟ್ರಿಪ್ಪನ್ನು ಸಾಲುಸಾಲಾಗಿ ಅಂಟಿಸಿ ಎಕ್ಸ್‌ಪೋಶರ್ ಯೂನಿಟ್ ಮಾಡಿದೆವು. ಮನೆಯಲ್ಲಿದ್ದ ರೌಟರ್ ಅಡಾಪ್ಟರ್ ಹಾಕಿದೆವು. ಮೊದಲ ಬೋರ್ಡಿನ ಒಂದು ತುದಿ ಚೆನ್ನಾಗಿ ಬಂತು. ಇನ್ನೊಂದು ತುದಿಯ ಟ್ರ್ಯಾಕ್‌ಗಳು ವಾಷಿಂಗ್ ಸೋಡಾ ನೀರಲ್ಲೇ ಕರಗಿ ಹೋದವು.

ಡ್ರೈ ಫಿಲ್ಮಿನಲ್ಲಿ ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತೆ, ಬೀಳದ ಜಾಗ ಕರಗುತ್ತೆ. ಅಂದ್ರೆ ಒಂದು ಕಡೆ ಬೆಳಕು ಸಾಲಲಿಲ್ಲ. ಯಾಕೆ?

ಮೊದಲು ಆಂಪಿಯರ್ ಲೆಕ್ಕ

ನಮ್ಮ ಸ್ಟ್ರಿಪ್ ಮೀಟರಿಗೆ 4.8 ವ್ಯಾಟ್. 5 ಮೀಟರಿಗೆ 24 ವ್ಯಾಟ್, 12 ವೋಲ್ಟಿನಲ್ಲಿ 2 ಆಂಪಿಯರ್. ಅಡಾಪ್ಟರ್ ಇದ್ದದ್ದು 1 ಆಂಪಿಯರಿನದು! ಸ್ವಲ್ಪ ಉಳಿಕೆ ಇಟ್ಟುಕೊಂಡು 12 ವೋಲ್ಟ್, 3 ಆಂಪಿಯರಿನ ಎಸ್‌ಎಂಪಿಎಸ್ ತಗೊಳ್ಳಿ.

ಆಮೇಲೆ ವೋಲ್ಟೇಜ್

ಎಸ್‌ಎಂಪಿಎಸ್ ಹಾಕಿದ ಮೇಲೂ ಕೊನೆಯ ಸಾಲು ಮಂಕಾಗೇ ಇತ್ತು. ಮಲ್ಟಿಮೀಟರ್ ಹಿಡಿದು ನೋಡಿದ್ರೆ ಶುರುವಲ್ಲಿ 12, ಕೊನೆಯಲ್ಲಿ 11 ವೋಲ್ಟ್. ಒಂದು ವೋಲ್ಟ್ ತಾನೇ ಅನ್ನಬೇಡಿ. ಸ್ಟ್ರಿಪ್ಪಿನ ಪ್ರತಿ ತುಂಡಿನಲ್ಲಿ ಮೂರು ಎಲ್‌ಇಡಿ, ಒಂದು ರೆಸಿಸ್ಟರ್ ಸೀರೀಸಲ್ಲಿವೆ. ಒಂದು ಎಲ್‌ಇಡಿಗೆ 3.3 ವೋಲ್ಟ್ ಅಂತ ಹಿಡಿದರೆ ಮೂರಕ್ಕೆ 9.9. ರೆಸಿಸ್ಟರಿಗೆ ಉಳಿಯೋದು 2.1. ಸಪ್ಲೈ 11ಕ್ಕೆ ಇಳಿದರೆ ಉಳಿಯೋದು ಬರೀ 1.1. ಕರೆಂಟು ಹತ್ತಿರ ಹತ್ತಿರ ಅರ್ಧಕ್ಕೆ ಇಳೀತು, ಬೆಳಕೂ ಅಷ್ಟೇ.

ಪರಿಹಾರ ಸುಲಭ. ಕತ್ತರಿ ಗುರುತಿರೋ ಕಡೆ ಸ್ಟ್ರಿಪ್ಪನ್ನು ಕತ್ತರಿಸಿ. ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸದೆ, ಪ್ರತಿ ಸಾಲಿಗೂ ದಪ್ಪ ವೈರಿಂದ ನೇರವಾಗಿ ಪ್ಯಾರಲೆಲ್ ಕನೆಕ್ಷನ್ ಕೊಡಿ.

ಕರೆಂಟ್ ಹೋಯ್ತು ಅಂತ ಚಾರ್ಜ್ ಆಗ್ತಿರೋ ಬ್ಯಾಟರಿಗೆ ಹಾಕೋಕೆ ಹೋಗಬೇಡಿ. ಚಾರ್ಜಿಂಗ್‌ನಲ್ಲಿ ಅದು 14.4 ವೋಲ್ಟಿನವರೆಗೂ ಏರಬಹುದು. ಆಗ ರೆಸಿಸ್ಟರಿಗೆ 4.5 ವೋಲ್ಟ್, ಕರೆಂಟು ಎರಡು ಪಟ್ಟು. ಸ್ಟ್ರಿಪ್ ಸುಟ್ಟೇ ಹೋಗುತ್ತೆ.

ಎಷ್ಟು ಹೊತ್ತು?

ಫಿಲ್ಮಿನ ಸಣ್ಣ ತುಂಡಿನ ಮೇಲೆ ರಟ್ಟು ಇಟ್ಟು, 30 ಸೆಕೆಂಡಿಗೊಮ್ಮೆ ಸ್ವಲ್ಪ ಸರಿಸುತ್ತಾ ಹೋಗಿ. ತೊಳೆದಾಗ ಯಾವ ಪಟ್ಟಿ ಚೆನ್ನಾಗಿ ನಿಂತಿದೆಯೋ ಅದೇ ನಿಮ್ಮ ಟೈಮ್. ಸಪ್ಲೈ ಬದಲಾಯಿಸಿದರೆ ಈ ಟೆಸ್ಟ್ ಮತ್ತೆ ಮಾಡಲೇಬೇಕು.

ಇನ್ನೊಂದು ಮಾತು: ನೇರಳೆ ಬೆಳಕು ಮಂದವಾಗಿ ಕಂಡರೂ ಕಣ್ಣಿಗೆ ಅಪಾಯ. ಮುಚ್ಚಳ ತೆಗೆದ ಕೂಡಲೇ ಸಪ್ಲೈ ಕಟ್ ಆಗೋ ಹಾಗೆ ಒಂದು ಲಿಮಿಟ್ ಸ್ವಿಚ್ ಹಾಕಿ.

ನಮ್ಮ ಮೂರನೇ ಬೋರ್ಡು ಎರಡೂ ತುದಿಯಲ್ಲಿ ಸರಿಯಾಗಿ ಬಂತು. ಡೆಮೋಗೆ ಇನ್ನೂ ಒಂದು ದಿನ ಬಾಕಿ ಇತ್ತು.