ಮನೆಯಲ್ಲೇ ಓಟ್ಸ್ ಬಿಸ್ಕತ್ತು: ಮಾಡುವ ಕ್ರಮ ಮತ್ತು ಒಂದು ಎಚ್ಚರಿಕೆ

ಕಳೆದ ಮಹಾಸಭೆಯ ದಿನ ಕಾಫಿಯ ಜೊತೆಗಿರಲೆಂದು ನಮ್ಮ ಮನೆಯಿಂದ ಎರಡು ಡಬ್ಬ ಓಟ್ಸ್ ಬಿಸ್ಕತ್ತು ತಂದಿದ್ದೆವು. ಲೆಕ್ಕಪತ್ರ ಮಂಡನೆ ಮುಗಿಯುವ ಮೊದಲೇ ಎರಡೂ ಖಾಲಿಯಾದವು. ಅಂದಿನಿಂದ ಸಂಘದ ಕಚೇರಿಗೆ ಗೊಬ್ಬರಕ್ಕೆ ಬಂದವರೂ ಮೈಲುತುತ್ತಕ್ಕೆ ಬಂದವರೂ ಮಾಡುವ ಕ್ರಮವನ್ನು ಕೇಳುತ್ತಿದ್ದಾರೆ. ಕೇಳುವವರಲ್ಲಿ ಅನೇಕರು "ಸಕ್ಕರೆ ಕಾಯಿಲೆಗೆ ಬಹಳ ಒಳ್ಳೆಯದಂತಲ್ಲ?" ಎಂಬ ಮಾತನ್ನೂ ಸೇರಿಸುತ್ತಾರೆ. ಆದುದರಿಂದ ಬಾಯಿಮಾತಿನಲ್ಲಿ ಹೇಳಿ ಕಳುಹಿಸುವ ಬದಲು ಇಲ್ಲಿ ವಿವರವಾಗಿ ಬರೆಯುವುದು ಮೇಲೆಂದು ತೋರಿತು.

ಮೊದಲ ಪೊಟ್ಟಣ ಮನೆಗೆ ತಂದಾಗ ನಮ್ಮ ತಾಯಿಯವರು "ಇದು ಕುದುರೆ ತಿನ್ನೋದಲ್ವೇನೋ?" ಎಂದರು. ಅವರ ಮಾತು ತೀರ ತಪ್ಪೇನಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಂಡಿತರು 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ, ಇಂಗ್ಲೆಂಡಿನಲ್ಲಿ ಕುದುರೆಗೂ ಸ್ಕಾಟ್ಲೆಂಡಿನಲ್ಲಿ ಮನುಷ್ಯರಿಗೂ ಆಹಾರವಾಗುವ ಧಾನ್ಯವೆಂದು ಇದನ್ನು ಕುಟುಕಿದ್ದರು. ಗೋಧಿ ಚೆನ್ನಾಗಿ ಬಾರದ ಚಳಿಯ, ತೇವದ ನೆಲದಲ್ಲೂ ಬರುವ ಬೆಳೆಯಾದ್ದರಿಂದ ಸ್ಕಾಟ್ಲೆಂಡಿನವರಿಗೆ ನಮ್ಮ ಬಯಲುಸೀಮೆಯವರ ರಾಗಿಯಿದ್ದಂತೆ ಅದು. ಉತ್ತರ ಭಾರತದಲ್ಲಿ ಹಸಿರು ಮೇವಿಗಾಗಿ ಅದನ್ನು ಇಂದಿಗೂ ಬೆಳೆಯುತ್ತಾರೆ.

ನಾವು ಅನುಸರಿಸುವ ಕ್ರಮಕ್ಕೆ ಮೂಲ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಆನ್‌ಜಾಕ್ ಬಿಸ್ಕತ್ತು. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಆ ದೇಶಗಳ ಸೈನಿಕರ ಹೆಸರು ಅದಕ್ಕಿದೆ. ಅದರಲ್ಲಿ ಮೊಟ್ಟೆಯಿಲ್ಲ, ಹಾಗಾಗಿ ಹೆಚ್ಚು ದಿನ ಕೆಡುವುದಿಲ್ಲ, ನಮ್ಮಂಥ ಮನೆಗಳ ಅಡಿಗೆಮನೆಗೂ ಅಡ್ಡಿಯಿಲ್ಲ. ಕೊಬ್ಬರಿ ಅದರಲ್ಲಿ ಇದ್ದೇ ಇದೆ. ಅವರು ಹಾಕುವ ಸಕ್ಕರೆ ಪಾಕದ ಜಾಗಕ್ಕೆ ನಮ್ಮಲ್ಲಿ ಬೆಲ್ಲವಿದೆ. ಜೋನಿ ಬೆಲ್ಲ ಸಿಕ್ಕಿದರಂತೂ ಹೇಳಿ ಮಾಡಿಸಿದಂತೆ.

ಅಂಗಡಿಯಲ್ಲಿ ಕೊಳ್ಳುವಾಗ ಮಸಾಲೆ ಬೆರೆಸಿದ ಪೊಟ್ಟಣ ಬೇಡ. ಅವಲಕ್ಕಿಯಂತೆ ಚಪ್ಪಟೆಯಾಗಿರುವ ಸಾದಾ ಓಟ್ಸ್ ಆಗಬೇಕು. ಈ ಧಾನ್ಯದಲ್ಲಿ ಅಕ್ಕಿ, ಗೋಧಿಗಳಿಗಿಂತ ಎಣ್ಣೆಯಂಶ ಹೆಚ್ಚು. ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡುವುದರಿಂದ, ಆ ಎಣ್ಣೆಯನ್ನು ಕಹಿಯಾಗಿಸುವ ಕಿಣ್ವ ಸಾಯುತ್ತದೆ. ಹಾಗಿದ್ದರೂ ಪೊಟ್ಟಣ ಒಡೆದು ಬಹಳ ದಿನವಾಗಿದ್ದರೆ ಮೂಸಿ ನೋಡಿಯೇ ಉಪಯೋಗಿಸತಕ್ಕದ್ದು. ಕೊಬ್ಬರಿಗೂ ಇದೇ ಮಾತು. ಕಮಟು ವಾಸನೆಯ ಒಂದು ಹಿಡಿ ಕೊಬ್ಬರಿ ಇಡೀ ಡಬ್ಬವನ್ನೇ ಹಾಳುಮಾಡುತ್ತದೆ.

ನಮ್ಮ ಅಳತೆ ಹೀಗಿದೆ. ಓಟ್ಸ್ 150 ಗ್ರಾಂ, ಗೋಧಿ ಹಿಟ್ಟು 75 ಗ್ರಾಂ, ಹುರಿದ ರಾಗಿ ಹಿಟ್ಟು 50 ಗ್ರಾಂ, ತುರಿದ ಒಣಕೊಬ್ಬರಿ 50 ಗ್ರಾಂ, ಒಣದ್ರಾಕ್ಷಿ 40 ಗ್ರಾಂ, ಎಳ್ಳು 20 ಗ್ರಾಂ, ಬೆಣ್ಣೆ 110 ಗ್ರಾಂ, ಬೆಲ್ಲ 110 ಗ್ರಾಂ, ಅರ್ಧ ಟೀ ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿ. ಒಣಶುಂಠಿ ಪುಡಿಯನ್ನೂ ಸ್ವಲ್ಪ ಹಾಕಬಹುದು. ನಮ್ಮ ಮನೆಯವರು ಮಳೆಗಾಲದಲ್ಲಿ ಕುಟ್ಟಿದ ಕಾಳುಮೆಣಸನ್ನೂ ಸೇರಿಸುತ್ತಾರೆ. ನಾವು ಬೆಳೆದದ್ದೇ ಆದ್ದರಿಂದ ಕೈ ಕೊಂಚ ಧಾರಾಳ!

ಗೋಧಿ ಹಿಟ್ಟನ್ನು ಬಿಟ್ಟುಬಿಡಬಹುದೇ ಎಂದು ಒಬ್ಬ ಸದಸ್ಯರು ಕೇಳಿದರು. ನಾವೂ ಬಿಟ್ಟು ನೋಡಿದ್ದೇವೆ, ಕೈಯಲ್ಲಿ ಎತ್ತಿದರೆ ಪುಡಿಯಾಯಿತು. ಗೋಧಿಯಲ್ಲಿರುವ ಅಂಟು ಓಟ್ಸಿನಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಆದರೆ ಚಪಾತಿಗೆ ನಾದಿದಂತೆ ನಾದಿದರೆ ಅದೇ ಅಂಟು ಬಿಗಿದು ಬಿಸ್ಕತ್ತು ಹಲ್ಲಿಗೆ ಬಗ್ಗದಂತಾಗುತ್ತದೆ. ಬೆರಳಿನಿಂದ ಕಲಸಿದರೆ ಸಾಕು. ರಾಗಿ ಸೇರಿಸುವುದು ಸುಣ್ಣದಂಶಕ್ಕಾಗಿ. 100 ಗ್ರಾಂ ರಾಗಿಯಲ್ಲಿ ಅದು 340 ಮಿಲಿಗ್ರಾಂಗೂ ಮಿಕ್ಕಿ ಇದೆ.

ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಶೋಧಿಸಬೇಕು. ನಮ್ಮ ಮೊದಲ ಪ್ರಯತ್ನದಲ್ಲಿ ಇದನ್ನು ಮರೆತು ಎಲ್ಲರೂ ಮರಳು ಅಗಿದೆವು. ಜೋನಿ ಬೆಲ್ಲವಾದರೆ ನೀರು ಬೇಡ. ಬಿಸಿ ಬೆಲ್ಲಕ್ಕೆ ಬೆಣ್ಣೆ ಹಾಕಿ ಕರಗಿಸಿ ಕೆಳಗಿಳಿಸಿ, ಒಂದು ಚಮಚ ಬಿಸಿನೀರಿನಲ್ಲಿ ಕದಡಿದ ಸೋಡ ಸೇರಿಸಿ. ಅದು ನೊರೆಯುಕ್ಕುವಾಗಲೇ ಉಳಿದೆಲ್ಲ ಸಾಮಾನಿನ ಮೇಲೆ ಸುರಿದು ಬೆರೆಸಿ. ಓಟ್ಸ್ ತೇವ ಹೀರಿಕೊಳ್ಳಲು 20 ನಿಮಿಷ ಬಿಡುವುದು ಅವಶ್ಯ. ಅವಸರಪಟ್ಟರೆ ತಟ್ಟೆಯ ಮೇಲೆ ಹರಡಿ ಒಂದಕ್ಕೊಂದು ಅಂಟುತ್ತವೆ. ಅನಂತರ ಸಣ್ಣ ನಿಂಬೆಯ ಗಾತ್ರದ ಸುಮಾರು 28 ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ, 160 ಡಿಗ್ರಿ ಶಾಖದ ಒಲೆಯಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ವಿದ್ಯುತ್ತಿನ ಭರವಸೆಯಿಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಹಾಕಿ ಕಾಯಿಸಿ, ಒಳಗೆ ಒಂದು ಸಿಂಬಿಯಿಟ್ಟು, ಅದರ ಮೇಲೆ ತಟ್ಟೆಯಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿದರೂ ಆಗುತ್ತದೆ.

ಇಳಿಸುವ ಹದವನ್ನು ನಮ್ಮ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕಾಫಿ ಬೀಜ ಹುರಿಯುವಾಗ ಕಂದು ಬಣ್ಣವೂ ಪರಿಮಳವೂ ಬರುವ ಕ್ರಿಯೆಯೇ ಇಲ್ಲಿಯೂ ನಡೆಯುತ್ತದೆ. ಸೋಡ ಅದನ್ನು ಚುರುಕುಗೊಳಿಸುತ್ತದೆ. ಹುರಿದ ಬೀಜ ಬಾಣಲೆಯಲ್ಲೇ ಉಳಿದರೆ ಕರಕಾಗುವಂತೆ ಇದೂ ಬಿಸಿ ತಟ್ಟೆಯಲ್ಲಿ ಬೇಯುತ್ತಲೇ ಇರುತ್ತದೆ. ಅಂಚು ಕೆಂಪಾಗಿ, ನಡುವೆ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು. ಆರಿದ ಮೇಲೆ ಗಟ್ಟಿಯಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ನಮಗೆ ಸಕ್ಕರೆ ಕಾಯಿಲೆಯಿದೆ ಎಂಬುದು ಹಲವು ಸದಸ್ಯರಿಗೆ ತಿಳಿದದ್ದೇ. ವೈದ್ಯರು ಬೇಕರಿ ತಿಂಡಿ ಬಿಡಿ ಎಂದಾಗ, ಓಟ್ಸು, ರಾಗಿ, ಬೆಲ್ಲ ಎಲ್ಲವೂ ಒಳ್ಳೆಯದೇ ತಾನೇ ಎಂದು ದಿನಕ್ಕೆ ಆರೇಳರಂತೆ ಮೂರು ತಿಂಗಳು ಇದನ್ನು ತಿಂದೆವು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 7.1 ಇದ್ದದ್ದು 8.2ಕ್ಕೆ ಏರಿತ್ತು. ವೈದ್ಯರು ಚೀಟಿ ನೋಡಿ, "ನೀವು ಸಂಘದ ಲೆಕ್ಕ ಬರೆಯುವವರು, ಇದರ ಲೆಕ್ಕ ಹಾಕಲಿಲ್ಲವೇ?" ಎಂದರು. ನಾಚಿಕೆಯಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆವು. ಓಟ್ಸಿಗೆ ಒಳ್ಳೆಯ ಹೆಸರು ತಂದದ್ದು ಬೀಟಾ ಗ್ಲೂಕನ್ ಎಂಬ ನಾರು. ಇದು ಕೊಲೆಸ್ಟರಾಲ್ ತಗ್ಗಿಸಲು ನೆರವಾಗುತ್ತದೆಂದು ಹೇಳಿಕೊಳ್ಳಲು ಅಮೆರಿಕದ ಆಹಾರ ಇಲಾಖೆ 1997ರಲ್ಲಿ ಅನುಮತಿ ಕೊಟ್ಟಾಗ ಸೂಚಿಸಿದ್ದು ದಿನಕ್ಕೆ 3 ಗ್ರಾಂ. 100 ಗ್ರಾಂ ಓಟ್ಸಿನಲ್ಲಿ ಅದು ಸುಮಾರು 4 ಗ್ರಾಂ ಇದೆ. ನಮ್ಮ ಒಂದು ಬಿಸ್ಕತ್ತಿನಲ್ಲಿರುವ ಓಟ್ಸ್ ಐದೂವರೆ ಗ್ರಾಂಗೂ ಕಡಿಮೆ. ಎಂದರೆ 3 ಗ್ರಾಂ ನಾರಿಗೆ 14 ಬಿಸ್ಕತ್ತು ತಿನ್ನಬೇಕು. ಅದರೊಡನೆ 55 ಗ್ರಾಂ ಬೆಲ್ಲ, 55 ಗ್ರಾಂ ಬೆಣ್ಣೆ ಒಳಗೆ ಹೋಗುತ್ತದೆ. ಬೆಲ್ಲದ ಬಹುಪಾಲು ಸಕ್ಕರೆಯೇ, ಒಣದ್ರಾಕ್ಷಿಯೂ ಸಿಹಿಯೇ. ನಾರಿಗಾಗಿ ಓಟ್ಸ್ ಬೇಕಿದ್ದವರು ಗಂಜಿ ಮಾಡಿಯೋ ಉಪ್ಪಿಟ್ಟು ಮಾಡಿಯೋ ತಿನ್ನಲಿ. ಬಿಸ್ಕತ್ತು ತಿಂಡಿಯೇ ಹೊರತು ಔಷಧಿಯಲ್ಲ. ನಮಗೀಗ ಸಂಜೆ ಕಾಫಿಗೆ ಒಂದು, ಅದೂ ವೈದ್ಯರನ್ನು ಕೇಳಿದ ಮೇಲೆ. ಮಕ್ಕಳಿಗೆ ಮತ್ತು ತೋಟದಲ್ಲಿ ಮೈಮುರಿದು ದುಡಿಯುವವರಿಗೆ ಇಷ್ಟು ಬಿಗಿ ಬೇಕಿಲ್ಲ.

ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಬೇಕು. ಶೇಕಡಾ 10ಕ್ಕೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯೇ ಆಷಾಢದ ಗಾಳಿಗೆ ತೇವ ಎಳೆಯುವಾಗ ಬಿಸ್ಕತ್ತಿನ ಪಾಡೇನು? ಮೆತ್ತಗಾದರೆ ಎಸೆಯಬೇಡಿ, ಐದು ನಿಮಿಷ ಮತ್ತೆ ಬಿಸಿ ಮಾಡಿ ಆರಿಸಿದರೆ ಗರಿಯಾಗುತ್ತದೆ. ಬೂಸಲು ಕಂಡರೆ ಮಾತ್ರ ಎಸೆಯತಕ್ಕದ್ದು.

ಸಂತೆಯಲ್ಲಿ ಮಾರಬಹುದೇ ಎಂದು ಕೆಲವು ಸೋದರಿಯರು ವಿಚಾರಿಸಿದ್ದಾರೆ. ಮಾರಬಹುದು, ಆದರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮೊದಲು ನೋಂದಣಿ ಆಗಬೇಕು. ಅರ್ಜಿ ತುಂಬಲು ಕಚೇರಿಯಲ್ಲಿ ನೆರವು ಕೊಡುತ್ತೇವೆ.

ಮಹಾಸಭೆಗೆ ತಂದಿದ್ದ ಎರಡು ಡಬ್ಬಗಳಲ್ಲಿ ಒಂದು ಇನ್ನೂ ನಮ್ಮ ಮನೆ ಸೇರಿಲ್ಲ. ಕೊಂಡೊಯ್ದ ಸದಸ್ಯರು ದಯವಿಟ್ಟು ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ.