ಗೊರಕೆ ಸುಖನಿದ್ದೆಯ ಗುರುತಲ್ಲ

ಗಟ್ಟಿಯಾಗಿ ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಬಂದಿದೆ ಎಂಬ ನಂಬಿಕೆ ಮಾಗಡಿ ತಾಲ್ಲೂಕಿನ ಕುದೂರು ಕಡೆಯ ಹಳ್ಳಿಮನೆಗಳಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೆ. ದುಡಿದು ದಣಿದ ಮೈ, ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ, ಪುಣ್ಯವಂತರು ಎನ್ನುವುದು ರೂಢಿ. ನಿದ್ದೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಇದರಷ್ಟು ಹಾನಿ ಮಾಡುವುದು ಇನ್ನೊಂದಿಲ್ಲ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಕಿರಿದಾದಾಗ ಅಲ್ಲಿನ ಮೆತ್ತನೆಯ ಭಾಗಗಳು ಅದುರುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದು ನಿಲ್ಲುತ್ತದೆ. ‘ಸದ್ಯ, ನಿಂತಿತು’ ಎಂದು ಮನೆಯವರು ನೆಮ್ಮದಿಪಡುವ ಆ ಗಳಿಗೆಯಲ್ಲಿ ಉಸಿರೂ ನಿಂತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಎಚ್ಚರಗೊಂಡು ಗಂಟಲನ್ನು ತೆರೆಸುತ್ತದೆ, ದೊಡ್ಡದೊಂದು ಏದುಸಿರಿನೊಂದಿಗೆ ಗೊರಕೆ ಮತ್ತೆ ಶುರುವಾಗುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 5 ಸಲದೊಳಗಿದ್ದರೆ ಅದು ಸಹಜ ಮಿತಿ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಎಚ್ಚರ. ಇದನ್ನು ಗಾಢನಿದ್ದೆ ಎಂದು ಕರೆಯಲು ಯಾವ ಆಧಾರವೂ ಇಲ್ಲ.

ಗೊರಕೆ ಹೊಡೆಯುವವರಿಗೆಲ್ಲ ಈ ತೊಂದರೆ ಇರುವುದಿಲ್ಲ. ತೊಂದರೆ ಇದ್ದವರಿಗೂ ರಾತ್ರಿ ನಡೆದದ್ದು ಬೆಳಿಗ್ಗೆ ನೆನಪಿರುವುದಿಲ್ಲ. ನೋಡಿದ ಸಾಕ್ಷಿ ಪಕ್ಕದಲ್ಲಿ ಮಲಗಿದವರು ಮಾತ್ರ. ಆ ಸಾಕ್ಷಿಯ ಮಾತಿಗೆ ಮನೆಯಲ್ಲಿ ಬೆಲೆ ಸಿಗುವುದೇ ಕಷ್ಟ. ‘ನಡುವೆ ಉಸಿರೇ ಇರಲಿಲ್ಲ’ ಎಂದು ಹೆಂಡತಿ ಹೇಳಿದರೆ ಗಂಡ ನಂಬುವುದಿಲ್ಲ. ಜಗಲಿಯಲ್ಲೋ ಹಜಾರದಲ್ಲೋ ಒಬ್ಬರೇ ಮಲಗುವ ಹಿರಿಯರಿಗಂತೂ ಆ ಸಾಕ್ಷಿಯೂ ಇಲ್ಲ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ರಾತ್ರಿ ಕಂಡವರನ್ನು ಜೊತೆಗೆ ಕರೆದೊಯ್ಯಬೇಕು. ಗೊರಕೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೂ ಉಪಯೋಗವಾಗುತ್ತದೆ.

ಉಳಿದ ಲಕ್ಷಣಗಳು ಬೇರೆ ಕಾಯಿಲೆಗಳ ಲೆಕ್ಕಕ್ಕೆ ಸೇರಿಹೋಗುತ್ತವೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಅಥವಾ ವಯಸ್ಸಿನ ಮೇಲೆ ಹಾಕಲಾಗುತ್ತದೆ. ಅವೂ ಕಾರಣವಿರಬಹುದು. ಆದರೆ ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಅದು ಬಿಡುಗಡೆ ಮಾಡುವ ಹಾರ್ಮೋನು ಮೂತ್ರಪಿಂಡಕ್ಕೆ ಹೆಚ್ಚು ನೀರು ಹೊರಹಾಕಲು ಹೇಳುತ್ತದೆ. ಎದ್ದ ಕೂಡಲೇ ತಲೆನೋವು, ಒಣಗಿದ ಬಾಯಿ, ಸಣ್ಣದಕ್ಕೂ ಸಿಡುಕು, ಮರೆವು, ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದ ಬಿಪಿ, ಇವೂ ಇದೇ ಗುಂಪಿನವು. ಕುದೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕೂತ ಕೂಡಲೇ ದಿನವೂ ತೂಕಡಿಸುವುದು ದಣಿವೊಂದರಿಂದಲೇ ಎಂದು ತಳ್ಳಿಹಾಕುವಂತಿಲ್ಲ. ಅದೇ ತೂಕಡಿಕೆ ಸೋಲೂರಿನ ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದವರಿಗೆ ಬಂದರೆ ಜೀವಕ್ಕೇ ಸಂಚಕಾರ.

ಇದು ದಪ್ಪಗಿರುವ ಗಂಡಸರ ಕಾಯಿಲೆ ಎಂಬುದು ಅರ್ಧಸತ್ಯ. ಕೊಬ್ಬು ಅಪಾಯ ಹೆಚ್ಚಿಸುತ್ತದೆ, ಆದರೆ ಗದ್ದ ಹಿಂದಕ್ಕಿರುವ ತೆಳ್ಳಗಿನವರಿಗೂ ಇದು ಬರುತ್ತದೆ. ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಗಂಡಸರಲ್ಲಿ ಸುಮಾರು ಶೇ. 13, ಹೆಂಗಸರಲ್ಲಿ ಶೇ. 5 ಮಂದಿಗೆ ಇದಿದೆ. ಹೆಂಗಸರು ಹೇಳಿಕೊಳ್ಳುವುದು ಹೆಚ್ಚಾಗಿ ನಿದ್ದೆ ಬಾರದಿರುವುದು, ಸುಸ್ತು, ಬೇಸರ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ, ಆಗ ಎಲ್ಲವನ್ನೂ ‘ವಯಸ್ಸಾಯಿತಲ್ಲ’ ಎಂದು ಮುಗಿಸಿಬಿಡುತ್ತಾರೆ.

ಒಂದು ಪೆಗ್ ಹಾಕಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬುದೂ ಸುಳ್ಳು. ಮದ್ಯ ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ. ಗೊರಕೆ ನಿಲ್ಲಿಸುತ್ತದೆಂದು ಮಾರುವ ಉಂಗುರಕ್ಕೆ ಗಂಟಲು ತೆರೆಯುವ ಶಕ್ತಿಯಿಲ್ಲ. ನಡುರಾತ್ರಿ ಉಸಿರುಗಟ್ಟಿ ಎದ್ದು ಕೂತವರಿಗೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವುದು ಇನ್ನೂ ನಡೆದಿದೆ. ತಾಯತ ಕಟ್ಟಿದವರ ಮಾತನ್ನು ಒಂದೇ ಸಲಕ್ಕೆ ನಂಬುವ ಮನೆ, ರಾತ್ರಿಯಿಡೀ ಎಚ್ಚರವಿದ್ದು ಕಂಡವಳ ಮಾತನ್ನು ವರ್ಷಗಟ್ಟಲೆ ನಂಬದಿರುವುದು ನಿಜಕ್ಕೂ ನೋವಿನ ಸಂಗತಿ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಸ್ಲೀಪ್ ಆಪ್ನಿಯಾ ಇತ್ತು. ಹಲವರು ಆ ಹೆಸರನ್ನು ಕೇಳಿದ್ದೇ ಆಗ.

ಅನುಮಾನವಿದ್ದರೆ ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸಬೇಕು. ಉಸಿರು, ಆಮ್ಲಜನಕ, ಹೃದಯಬಡಿತ, ಮಿದುಳಿನ ಅಲೆಗಳನ್ನು ಅದರಲ್ಲಿ ದಾಖಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ತೊಂದರೆ ಸಣ್ಣದಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಸಾಕಾಗಬಹುದು. ಹೆಚ್ಚಿದ್ದರೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪರಿಚಯಿಸಿದ ಈ ವಿಧಾನವನ್ನು ಕೃತಕ ಉಸಿರಾಟವೆಂದು ಹೆದರುವವರಿದ್ದಾರೆ. ಅದು ಕೋಣೆಯ ಗಾಳಿಯನ್ನೇ ಮಾಸ್ಕಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಊದಿ ಗಂಟಲು ಮುಚ್ಚದಂತೆ ತಡೆಯುತ್ತದೆ, ಉಸಿರಾಡುವವರು ರೋಗಿಯೇ. ಮಾಸ್ಕ್ ಒತ್ತಿದರೆ ಅಥವಾ ಗಾಳಿ ಸೋರಿದರೆ ಯಂತ್ರವನ್ನು ಅಟ್ಟಕ್ಕೆ ಹಾಕದೆ ಅಳತೆ ಬದಲಿಸಿಕೊಳ್ಳಬೇಕು.